ಹೊಸ್ತಿಲಲ್ಲಿ ಕೇಳುವ ಹಾಡು

೧೯೫೬ರಲ್ಲಿ ನಾನು ಶಾಲೆ ಬಿಟ್ಟೆ. ನಾಲ್ಕನೆಯ ಇಯತ್ತೆ ಇನ್ನೂ ಮುಗಿದಿರಲಿಲ್ಲ. ಆ ವರ್ಷ ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ನಾನು ಪಾಟಿಯನ್ನು ಬಿಟ್ಟು ಗಚ್ಚಿನ ಬುಟ್ಟಿಗೆ ತಲೆ ಕೊಟ್ಟೆ. ಬಡತನ ಇತ್ತು, ಬಿಡಿಸಿದರು ಎಂದು ಬರೆದರೆ ಓದುವವರು ಅಯ್ಯೋ ಪಾಪ ಅಂದಾರು. ಆ ಪಾಪ ನನಗೆ ಬೇಡ. ನಾನೇ ಬಿಟ್ಟೆ. ಶಾಲೆಯ ಎದುರಿಗೇ ಇಬ್ಬರು ಗೌಂಡಿಗಳು ಬೆಳಿಗ್ಗೆ ಬರೀ ನೆಲ ಇದ್ದಲ್ಲಿ ಸಂಜೆಗೆ ಎದೆಮಟ್ಟ ಗ್ವಾಡಿ ಎಬ್ಬಿಸಿದ್ದನ್ನು ಕಿಟಕಿಯಿಂದ ನೋಡಿದ್ದೆ. ಶಾಲೆಯೊಳಗೆ ಅಷ್ಟು ವರ್ಷ ಕೂತರೂ ಎದ್ದು ನಿಲ್ಲುವಂಥದ್ದೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಂಥವನು ಯಾಕೆ ಬರೆಯಲು ಕೂತ ಎಂದು ಕೇಳಬಹುದು. ನಮ್ಮ ಬಸವಕಲ್ಯಾಣದ ಕೇರಿಯ ಚರ್ಚಿಗೆ ಪಾಸ್ಟರರು ಬರುತ್ತಾರೆ, ಕೆಲವು ವರ್ಷ ಇರುತ್ತಾರೆ, ಮೇಲಿನವರು ಬದಲಿ ಮಾಡಿದಾಗ ಹೋಗುತ್ತಾರೆ. ಬಂದಾಗೊಮ್ಮೆ ಅವರ ಪರಿಚಯ ಆಗುತ್ತದೆ. ಆ ಪರಿಚಯ ಹೇಗೆ ಆಗಬೇಕು ಎಂಬುದರ ಮೇಲೆ ನನ್ನ ಆಯುಷ್ಯದ ಒಂದು ದೊಡ್ಡ ಜಗಳ ನಡೆದುಹೋಗಿದೆ. ಆ ಜಗಳದಲ್ಲಿ ನಾನು ಸರಿ ಇದ್ದೆ. ಹಾಗಾಗಿ ಪಾಸ್ಟರರ ಪರಿಚಯವನ್ನೂ ಹಾಡಿನ ಮುಂದಾಳಿನ ಪರಿಚಯವನ್ನೂ ನಾನೇ ಬರೆಯುತ್ತಿದ್ದೇನೆ. ಹಾಡಿನ ಮುಂದಾಳು ನಾನೇ. ತನ್ನ ಪರಿಚಯ ತಾನೇ ಮಾಡಿಕೊಳ್ಳಬಾರದು ಎನ್ನುವವರು ಇದ್ದಾರೆ. ಅನ್ನಲಿ.

ಮೊದಲನೆಯ ಪಾಸ್ಟರರು ಮುಡಬಿ ಕಡೆಯವರು. ನಮ್ಮ ಚರ್ಚಿಗೆ ಆಗ ಮಣ್ಣಿನ ಗ್ವಾಡಿ, ಮೇಲೆ ತಗಡು. ಹುಮನಾಬಾದಿನಿಂದ ಸೈಕಲ್ ತುಳಿದುಕೊಂಡು, ಕೆಂಪು ಧೂಳಾಗಿ ಬಂದರು. ಬಾಗಿಲ ಹತ್ತಿರ ಬಂದಾಗ ನನ್ನ ಸೋದರತ್ತೆ ಎರಡೂ ಕೈ ಚೌಕಟ್ಟಿಗೆ ಹಚ್ಚಿ ಅಡ್ಡ ನಿಂತಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ನಿಂತು ನಗುತ್ತಿದ್ದರು.

“ಯಪ್ಪಾ, ಹೊಸಾ ಸೊಸಿ ಬಂದಂಗ ಬಂದೀರಿ. ಹಂಗ ಒಳಗ ಬಿಡಾಂಗಿಲ್ಲರಿ.”

ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಒಡಪು ಹಾಕಿಸುತ್ತಾರೆ. ಹಾಡಿನಂಥ ಎರಡು ಸಾಲು ಕಟ್ಟಿ, ಅದರಲ್ಲಿ ಗಂಡನ ಹೆಸರು ಕೂಡಿಸಿ ಹೇಳಿದ ಮೇಲೆಯೇ ಅವಳು ಒಳಗೆ ಕಾಲಿಡಬೇಕು. ಅತ್ತೆ ಅದನ್ನೇ ತಂದು ಪಾಸ್ಟರರ ಮುಂದೆ ಇಟ್ಟಿದ್ದಳು. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.

“ಆಯಿ, ನನಗ ಗಂಡ ಇಲ್ಲಲ್ಲ. ಯಾರ ಹೆಸರು ಹೇಳ್ಲಿ?”

“ಅಪ್ಪನ ಹೆಸರು ಹೇಳ್ರಿ. ಏನ್ ಕೆಲಸ ಮಾಡ್ತಿದ್ದ, ಅದೂ ಹೇಳ್ರಿ. ಯಾರು ಬಂದಾರಂತ ನಮಗ ತಿಳೀಬೇಕಲ್ಲ.”

ಅವರು ಟೊಪ್ಪಿಗೆ ತೆಗೆದರು. ಅಪ್ಪನ ಹೆಸರು ಹೇಳಿದರು. ಆಮೇಲೆ ಕೇರಿಯ ಆ ತುದಿಗೂ ಕೇಳುವಂತೆ, “ನಮ್ಮಪ್ಪ ಊರಾಗಿನ ಸತ್ತ ದನ ಎಳೀತಿದ್ದ. ಅವನ ಕೈಯಾಗಿನ ಹಗ್ಗದ ಗಾಯ ನಾ ತೊಳದೀನಿ” ಎಂದರು.

ನಗು ನಿಂತಿತು. ಅತ್ತೆ ಚೌಕಟ್ಟಿನಿಂದ ಕೈ ತೆಗೆದಳು, ಆದರೆ ಸುಮ್ಮನೆ ತೆಗೆಯಲಿಲ್ಲ. ಅಲ್ಲೇ ಕಟ್ಟಿ ಹಾಡಿದಳು:

ಮುಡಬಿಯ ಕಡೆಯಾಂವ, ದನ ಎಳದವನ ಮಗ,
ದುಡಿದವನ ಮಗನೇ ಒಳಗ ಬಾ.

ಹೆಂಗಸರು ತಿರುಗಿಸಿ ಹಾಡಿದರು. ಗಂಡಸರೂ ಹಾಡಿದರು. ಅವರು ಹೊಸ್ತಿಲು ಮುಟ್ಟಿ ಒಳಗೆ ಹೋದರು. ಅಂದಿನಿಂದ ಅದು ನಮ್ಮ ಸಭೆಯ ರಿವಾಜು.

ನನಗೆ ಬಿಟ್ಟುಹೋದ ಅಕ್ಷರವನ್ನು ತಿರುಗಿ ಹಿಡಿಸಿದವರು ಆ ಪಾಸ್ಟರರೇ. ಹಾಡಿನ ಪುಸ್ತಕವೇ ನನ್ನ ಪಾಠದ ಪುಸ್ತಕ. ಕೈಗೆ ಢೋಲಕಿ ಕೊಟ್ಟವರೂ ಅವರೇ. ಕೇರಿಯಲ್ಲಿ ಓದಲು ಬರುವವರು ಕಮ್ಮಿ, ಹಾಗಾಗಿ ನಮ್ಮಲ್ಲಿ ಹಾಡುವ ರೀತಿಯೇ ಬೇರೆ. ಮುಂದಾಳು ಒಂದು ಸಾಲು ಗಟ್ಟಿಯಾಗಿ ಹೇಳಿ ಕೊಡಬೇಕು, ಸಭೆ ಅದನ್ನು ಎತ್ತಿಕೊಂಡು ಹಾಡಬೇಕು, ಅದು ಮುಗಿಯುವುದರೊಳಗೆ ಮುಂದಿನ ಸಾಲು ಅವರ ಬಾಯಿಗೆ ತಲುಪಿರಬೇಕು. ಮೇಲಿರುವ ಗೌಂಡಿಗೆ ಕಲ್ಲು ಎತ್ತಿ ಕೊಟ್ಟ ಹಾಗೆ. ತಡವಾದರೆ ಕೆಲಸ ನಿಲ್ಲುತ್ತದೆ, ಬೇಗಾದರೆ ಕಾಲ ಮೇಲೆ ಬೀಳುತ್ತದೆ. ಅತ್ತೆಗೆ ಉಸಿರು ಸಾಲದೆ ಹೋದಾಗ ಹೊಸ್ತಿಲ ಹಾಡನ್ನು ಕಟ್ಟುವುದೂ ನನ್ನ ಪಾಲಿಗೆ ಬಂತು. ಬಾಗಿಲಿಗೆ ಅಡ್ಡ ನಿಲ್ಲುವ ಕೆಲಸ ಮಾತ್ರ ಅವಳು ಬಿಡಲಿಲ್ಲ.

ಎರಡನೆಯ ಪಾಸ್ಟರರು ಧಾರವಾಡದ ಕಡೆಯವರು, ಮಳೆ ಇರಲಿ ಬಿಡಲಿ ಕೈಯಲ್ಲಿ ಕೊಡೆ. ನಮ್ಮಪ್ಪ ಶಾಲಾ ಮಾಸ್ತರ ಎಂದರು. ಅತ್ತೆಗೆ ಸಮಾಧಾನವಾಗಲಿಲ್ಲ. “ಅವರಪ್ಪ ರೀ?” ಎಂದಳು. ಅವರು ಕೊಡೆ ಮಡಚಿ, ನಮ್ಮಜ್ಜ ಕೂಲಿಗೆ ನೇಯುತ್ತಿದ್ದ ಎಂದರು. “ಹಾಂ, ಈಗ ಬರ್ರಿ” ಎಂದಳು. ಒಳ್ಳೆಯ ಮನುಷ್ಯ. ಉಪದೇಶ ಮಾತ್ರ ಉದ್ದ.

ಎಪ್ಪತ್ತರ ದಶಕ ಶುರುವಾದಾಗ ಮೂರನೆಯವರು ಬಂದರು. ದೊಡ್ಡ ಊರಿನ ದೈವಶಾಸ್ತ್ರದ ಕಾಲೇಜಿನಲ್ಲಿ ಕಲಿತವರು. ವಯಸ್ಸು ನನ್ನಷ್ಟೇ. ಬಿಳಿ ಅಂಗಿಯ ಇಸ್ತ್ರಿ ಬಸ್ಸಿನಲ್ಲಿ ಬಂದರೂ ಮುರಿದಿರಲಿಲ್ಲ. ಹೆಂಡತಿಯೂ ಜೊತೆಗಿದ್ದರು. ಅತ್ತೆ ಅಡ್ಡ ನಿಂತಳು, ನಾನು ಢೋಲಕಿಗೆ ಕೈ ಹಾಕಿ ಕೇಳಿದೆ:

ಹೊಸ್ತಿಲ ದಾಟಾಂವ ಯಾವೂರ, ಯಾರ ಮಗ,
ಹೆತ್ತವನ ಕೆಲಸವ ಹೇಳಿ ಬಾ.

“ನಾನು ಕರ್ತನ ಸೇವಕ. ಅಷ್ಟು ಪರಿಚಯ ಸಾಕು” ಎಂದರು ಅವರು.

“ಅದು ನಮ್ಮೆಲ್ಲಾರ ಪರಿಚಯ ಆತಲ್ಲರಿ. ನಿಮ್ದು ಹೇಳ್ರಿ” ಎಂದಳು ಅತ್ತೆ.

ಅವರು ತಲೆ ತಗ್ಗಿಸಿದರು. ನನಗೆ ಅನಿಸಿದ್ದು, ಹೊಸ ಮನುಷ್ಯ ನಾಚಿಕೊಂಡರು ಅಂತ. ಅವರ ಅಪ್ಪ ನನಗೆ ಗೊತ್ತಿದ್ದರು. ದುಬಲಗುಂಡಿಯಲ್ಲಿ ಒಂದು ಮನೆ ಕಟ್ಟಲು ಹೋದಾಗ ಅಲ್ಲಿಯ ಮದುವೆಯಲ್ಲಿ ಅವರ ಚರ್ಮದ ಹಲಗೆಯ ಬಡಿತ ಕೇಳಿದ್ದೆ. ಆ ಮುದುಕ ಹಲಗೆ ಕಾಯಿಸಿ ಒಂದು ಪೆಟ್ಟು ಹಾಕಿದರೆ ಗ್ವಾಡಿ ಮೇಲಿದ್ದ ನಾನು ಗಚ್ಚು ಬಳಿಯುವ ಕರಣಿ ಕೆಳಗಿಟ್ಟು ಇಳಿದುಬಂದಿದ್ದೆ. ಅಂಥ ಕೈಯ ಮಗ ನಮ್ಮ ಪಾಸ್ಟರ್ ಆಗಿ ಬಂದಿದ್ದಾರೆ ಎಂಬ ಹಿಗ್ಗಿಗೆ ನಾನೇ ಹಾಡಿದೆ:

ದುಬಲಗುಂಡಿಯಾಗ ಹಲಗೀಲಿ ಗುಡುಗ್ಯಾಂವ,
ಗುಡುಗಿನ ಮಿಂಚ ನೀ ಒಳಗ ಬಾ.

ಸಭೆ ಕುಣಿದುಕೊಂಡೇ ತಿರುಗಿಸಿ ಹಾಡಿತು. ಅದಕ್ಕಿಂತ ಚೆಂದದ ಸಾಲು ನಾನು ಮುಂಚೆಯೂ ಕಟ್ಟಿರಲಿಲ್ಲ, ಆಮೇಲೂ ಕಟ್ಟಿಲ್ಲ. ಅವರು ಒಳಗೆ ಬಂದರು. ಆದರೆ ಮುಖ ಸುಣ್ಣ ಹಚ್ಚಿದ ಹಾಗಿತ್ತು.

ಮರುದಿನ ತಮ್ಮ ಖೋಲಿಗೆ ಕರೆಸಿದರು.

“ನನ್ನ ತಂದೆಯ ಮಾತು ಎತ್ತಲು ನಿಮಗೆ ಯಾರು ಹೇಳಿದರು?”

“ಯಾರೂ ಹೇಳಿಲ್ಲರಿ. ಚಂದ ಬಾರಸ್ತಾರ, ಅದಕ್ಕ ಹಾಡ್ದೆ. ನಮ್ಮಪ್ಪನೂ ಹಲಗಿಯವನ ಇದ್ದ.”

ಆಗ ಅವರ ಪುಸ್ತಕದ ಭಾಷೆ ಕಳಚಿಬಿತ್ತು. ನಮ್ಮ ಮಾತೇ ಬಂತು. “ನೀ ಈ ಕೇರಿ ಬಿಟ್ಟು ಎಲ್ಲೆ ಇದ್ದೀಯೋ? ನಾ ಊರೂರು ತಿರುಗೀನಿ. ಖೋಲಿ ಬಾಡಿಗಿ ಕೇಳಾಕ ಹೋದ್ರ ಯಾರ ಪೈಕಿ ಅಂತಾರ. ನೀರು ಕೇಳಿದ್ರ ನಿಮ್ಮಪ್ಪ ಏನ್ ಮಾಡ್ತಾನ ಅಂತಾರ. ಆ ಪ್ರಶ್ನಿ ದಾಟಿ ಬರಾಕ ನನ್ನ ಅರ್ಧ ಜೀವ ಹೋಗೇದ. ದೇವರ ಬಾಗಲಾಗೂ ಅದನ್ನ ಕೇಳ್ತೀರಲ್ಲ!”

ಮಾತು ತೂಕದ್ದೇ. ಇವತ್ತಿಗೂ ಅದು ಹಗುರ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಹತ್ತಿರವೂ ಮಾತು ಇತ್ತು.

“ಅವರು ಕೇಳೋದು ಹೊರಗ ಇಡಾಕರಿ. ನಾವು ಕೇಳೋದು ಒಳಗ ಕರಿಯಾಕ. ಎರಡೂ ಒಂದ ಅಂತ ಹ್ಯಾಂಗ ತಿಳಕೊಂಡ್ರಿ?”

ಅವರು ಎದ್ದು ಅಂಗಿ ಸರಿಮಾಡಿಕೊಂಡರು. ಆಮೇಲೆ ತಿರುಗಿ ಪುಸ್ತಕದ ಭಾಷೆಗೆ ಹೋದರು. ನಾನು ಭಾನುವಾರ ಸಭೆಯ ಮುಂದೆ ಎದ್ದು ನಿಂತು, ಹಾಡಿದ್ದು ತಪ್ಪಾಯಿತು, ಕ್ಷಮಿಸಬೇಕು ಎಂದು ಕೇಳಿಕೊಂಡರೆ ಢೋಲಕಿ ನನ್ನ ಹತ್ತಿರ ಉಳಿಯುತ್ತದೆ. ಇಲ್ಲವಾದರೆ ಹುಮನಾಬಾದಿನಿಂದ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರು ಬಂದು ಹಾಡು ನಡೆಸುತ್ತಾರೆ ಎಂದರು.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಳು. “ಒಂದ್ ಮಾತು ಮಾಫಿ ಅಂದ್ಬಿಡ್ರಿ. ಬಾಯಿ ಏನ್ ಸವೀತದ?”

“ಬಾಯಿ ಸವ್ಯಾಂಗಿಲ್ಲ. ಹಲಗಿ ಬಾರಿಸಿದಾಂವನ ಹೆಸರು ತಗಂಡಿದ್ದು ತಪ್ಪು ಅಂದ್ರ, ನಮ್ಮಪ್ಪ ತಪ್ಪು, ನಾ ಹುಟ್ಟಿದ್ದು ತಪ್ಪು.”

“ಹಂಗಾರ ಹಿಂದ ಹೋಗಿ ಕೂಡ್ರಿ” ಎಂದು ರೊಟ್ಟಿ ತಿರುವಿ ಹಾಕಿದಳು.

ಹಿಂದೆ ಹೋಗಿ ಕೂತೆ.

ಪೇಟಿ ಮಾಸ್ತರರ ಪರಿಚಯವನ್ನೂ ಹೇಳಬೇಕು. ಹುಮನಾಬಾದಿನವರು, ಮೆಟ್ರಿಕ್ ಪಾಸು, ತಲೆಗೆ ಎಣ್ಣೆ, ಕಿಸೆಯಲ್ಲಿ ಎರಡು ಪೆನ್ನು. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದರು. ಬೆರಳು ಮೃದು, ಪೇಟಿಯನ್ನು ಬಹಳ ಚೆನ್ನಾಗಿ ಬಾರಿಸುತ್ತಿದ್ದರು. ಅದನ್ನು ಇಲ್ಲ ಎನ್ನಲು ನನಗೇನೂ ಹುಚ್ಚು ಹಿಡಿದಿಲ್ಲ. ಆದರೆ ಅವರು ಸಾಲು ಹೇಳಿ ಕೊಡುತ್ತಿರಲಿಲ್ಲ. ಪುಸ್ತಕ ನೋಡಿ ತಾವು ಹಾಡಿಕೊಂಡು ಹೋಗುತ್ತಿದ್ದರು. ಓದು ಬಾರದವರ ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಅತ್ತೆಯ ಬಾಯಿ ಹಾಗೆ ಬರಿದೇ ತೆರೆದು ಮುಚ್ಚಿದ್ದನ್ನು ನಾನು ಎರಡು ಭಾನುವಾರ ನೋಡಿದೆ. ಮೂರನೆಯ ಭಾನುವಾರ ಹಿಂದಿನ ಸಾಲಿನಿಂದಲೇ ಸಾಲು ಕೊಡಲು ಶುರುಮಾಡಿದೆ.

ಪಾಸ್ಟರರು ವೇದಿಕೆಯಿಂದ ಕೈ ಎತ್ತಿದರು. “ಹಿಂದಿನವರು ಸುಮ್ಮನಿರಬೇಕು.”

“ಢೋಲಕಿ ಬ್ಯಾಡ ಅಂದ್ರಿ, ಇಟ್ಟೀನಿ. ಹಾಡಬ್ಯಾಡ ಅಂತ ಯಾವ ಪುಸ್ತಕದಾಗ ಬರದದರಿ?”

ಯಾರೋ ನಕ್ಕರು. ಪಾಸ್ಟರರು ಕೈ ಇಳಿಸಿದರು. ಅವರು ಇದ್ದಷ್ಟು ವರ್ಷವೂ ಹಾಗೆಯೇ ನಡೆಯಿತು. ಮುಂದೆ ಪೇಟಿ, ಹಿಂದೆ ನಾನು, ನಡುವೆ ಸಭೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಟಿ ಮಾಸ್ತರರೂ ನಾನೂ ಎದುರು ಬದುರು ಕೂತು ಚಹಾ ಕುಡಿಯುವುದೂ ಇತ್ತು.

“ಏನ್ ಗೌಂಡಿ ಸಾಹೇಬ್ರ, ಹಿಂದಿನಿಂದ ನನ್ನ ತಾಳ ಕೆಡಸಾಕತ್ತೀರಿ.”

“ಕೆಟ್ಟದ್ದನ್ನ ಯಾರರೆ ಕೆಡಸ್ತಾರ್ರೀ ಮಾಸ್ತರ?”

“ಚಹಾ ಕುಡೀರಿ, ಆರಾಕತ್ತದ.”

ಅದೇ ವರ್ಷಗಳಲ್ಲಿ ಮಣ್ಣಿನ ಗ್ವಾಡಿ ತೆಗೆದು ಕಲ್ಲಿನ ಚರ್ಚು ಕಟ್ಟಿದೆವು. ಗೌಂಡಿ ಯಾರು? ನಾನೇ. ಜಗಳ ಹಾಡಿನದು, ಕಲ್ಲಿನ ಮೇಲೆ ತೀರಿಸಿಕೊಳ್ಳುವವನು ನಾನಲ್ಲ. ಆರು ದಿನ ಗ್ವಾಡಿ ಎಬ್ಬಿಸುತ್ತಿದ್ದೆ, ಏಳನೆಯ ದಿನ ಅದೇ ಗ್ವಾಡಿಗೆ ಬೆನ್ನು ಹಚ್ಚಿ ಹಿಂದೆ ಕೂರುತ್ತಿದ್ದೆ. ಪಾಸ್ಟರರು ಬಂದು ನಿಂತು, ನಾನು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ಗ್ವಾಡಿ ಅಳೆಯುವುದನ್ನು ನೋಡುತ್ತಿದ್ದರು. ನೆಟ್ಟಗೆ ಬಂದಿದೆಯೇ ಎಂದು ಕೇಳುತ್ತಿದ್ದರು. ಬಂದಿದೆ ಎನ್ನುತ್ತಿದ್ದೆ. ಬೇರೆ ಮಾತು ನಮ್ಮಲ್ಲಿ ಇರಲಿಲ್ಲ.

ಅವರಿಗೆ ಬದಲಿಯಾದಾಗ ಬಸ್ ಸ್ಟ್ಯಾಂಡಿಗೆ ಟ್ರಂಕು ಹೊತ್ತುಕೊಂಡು ಹೋದವನೂ ನಾನೇ. ಅವರ ಹೆಂಡತಿ ಬಸ್ಸಿನೊಳಗೆ ಹೋಗಿ ಕೂತಿದ್ದರು.

“ಕೊನೆಗೂ ನೀ ಮಾಫಿ ಕೇಳಲಿಲ್ಲ” ಎಂದರು ಪಾಸ್ಟರರು.

“ನೀವೂ ಅಪ್ಪನ ಹೆಸರು ಹೇಳಲಿಲ್ಲ.”

ಅವರು ಸ್ವಲ್ಪ ನಕ್ಕ ಹಾಗೆ ಕಂಡಿತು. ಬಸ್ಸು ಹೊರಟುಬಿಟ್ಟಿತು, ನಕ್ಕರೋ ಇಲ್ಲವೋ ಖಾತ್ರಿ ಹೇಳಲಾರೆ.

ಈಗ ಢೋಲಕಿ ಬಾರಿಸುವ ಕೆಲಸ ನನಗೆ ತಾನಾಗಿ ತಿರುಗಿ ಬರುತ್ತದೆ ಎಂದು ನಾನು ತಿಳಿದಿದ್ದೆ. ಸಭೆಯ ಕಾರ್ಯದರ್ಶಿ ಬೇರೆಯೇ ತಿಳಿದಿದ್ದ. ಅವನು ಕೇರಿಯ ಹುಡುಗನೇ, ಮೋರಖಂಡಿಯಲ್ಲಿ ಶಾಲಾ ಮಾಸ್ತರ, ನನ್ನನ್ನು ಕಾಕಾ ಎನ್ನುವವನು. ಹೊಸ ಪಾಸ್ಟರರು ಬರುವ ಹಿಂದಿನ ಸಂಜೆ ಕಮಿಟಿ ಕೂಡಿಸಿ ಹೇಳಿದ: “ಕಾಕಾ, ಹೊಸ್ತಿಲದ್ದು ಈ ಸಲ ಬ್ಯಾಡ. ಹೋದ ಸಲ ಆದದ್ದು ಸಾಕು. ಒಳಗ ವೇದಿಕಿ ಮ್ಯಾಲ ನಾನು ಎಲ್ಲಾರ ಪರಿಚಯ ಮಾಡ್ತೀನಿ. ಹುಮನಾಬಾದದಾಗ ಹಂಗ ಮಾಡ್ತಾರ. ಹಾಡಿನ ಮುಂದಾಳು ಅಂತ ಪೇಟಿ ಮಾಸ್ತರರನ್ನ ಕರೀತೀನಿ. ನೀವು ಮನಸಿಗಿ ಹಚ್ಚಿಕೋಬ್ಯಾಡ್ರಿ.”

ಕಮಿಟಿ ಹೂಂ ಎಂದಿತು. ನಾನು ಎದ್ದು ಮನೆಗೆ ಬಂದೆ. ಇಷ್ಟು ವರ್ಷ ಮೂಲೆಯಲ್ಲಿಟ್ಟಿದ್ದ ಢೋಲಕಿಯ ಹಗ್ಗ ಬಿಗಿದೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತೆ. ಕಾರ್ಯದರ್ಶಿ ಹಾರ ಹಿಡಿದುಕೊಂಡು ಬಂದ.

“ಕಾಕಾ, ಜರಾ ಬಾಜೂ ಸರೀರಿ.”

“ಸರ್ಯಾಂಗಿಲ್ಲ.”

“ಕಮಿಟಿ ಠರಾವು ಆಗೇದ್ರಿ.”

“ಆಗ್ಲಿ. ಈ ಚೌಕಟ್ಟು ಕೂಡಿಸಿದಾಂವ ನಾನು. ಕಮಿಟಿಗಿ ಬೇಕಂದ್ರ ಕಿಟಕಿ ಹಾರಿ ಹೋಗ್ರಿ.”

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ಸೊಂಟ ಬಗ್ಗಿತ್ತು. ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಳು. ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ನನ್ನ ಹೆಂಡತಿಯೂ ಬಂದಳು. “ಹಿಂದ ಕೂತು ಬ್ಯಾಸರಾಗೇದೇನ್ರಿ?” ಎಂದು ಕಿವಿಯಲ್ಲಿ ಹೇಳಿ ಅವರಲ್ಲಿ ಸೇರಿಕೊಂಡಳು.

ನಾಲ್ಕನೆಯ ಪಾಸ್ಟರರು ನಡೆದುಕೊಂಡೇ ಬಂದರು. ನಡುವಯಸ್ಸು, ತಲೆ ನರೆತಿತ್ತು, ಜೊತೆಗೆ ಯಾರೂ ಇಲ್ಲ. ಕಾರ್ಯದರ್ಶಿ ಕೈಮುಗಿದು, ಇದು ಹಳೆಯ ಜನರ ರೂಢಿ, ಮನಸ್ಸಿಗೆ ತಂದುಕೊಳ್ಳಬಾರದು ಎನ್ನುತ್ತಲೇ ಇದ್ದ. ಅವರು ಚಪ್ಪಲಿ ಬಿಟ್ಟು ಹೊಸ್ತಿಲ ಮುಂದೆ ನಿಂತರು. ನಾನು ಹಾಡಿ ಕೇಳಿದೆ. ಯಾವೂರ, ಯಾರ ಮಗ, ಹೆತ್ತವನ ಕೆಲಸವ ಹೇಳಿ ಬಾ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು: “ಹೇಳಬೇಕಂದ್ರ ನನಗ ಗೊತ್ತಿಲ್ಲರಿ. ನಮ್ಮಪ್ಪ ಯಾರು, ಯಾವೂರಾಂವ, ಮಾಲೂಮಿಲ್ಲ. ಹಾಸ್ಟೆಲಿನ ಬಾಗಲಾಗ ಬಿಟ್ಟುಹೋಗಿದ್ರಂತ. ನಾ ಅಲ್ಲೇ ಬೆಳದಾಂವ.”

ಕೈ ಢೋಲಕಿಯ ಮೇಲೇ ನಿಂತಿತು. ಕಾರ್ಯದರ್ಶಿ ನನ್ನ ಕಡೆ ನೋಡಿದ ನೋಟ ಹೇಳುತ್ತಿತ್ತು: ಬೇಡ ಅಂದರೂ ಕೇಳಲಿಲ್ಲ, ಈಗ ಉಣ್ಣು. ನಾನು ಬಾಗಿಲು ಬಿಟ್ಟು ಸರಿದರೆ ರಿವಾಜು ಅಲ್ಲಿಗೆ ಮುಗಿಯುತ್ತಿತ್ತು, ಅದರ ಜೊತೆ ನಾನೂ. ಸರಿಯದೆ ನಿಂತರೆ, ಹೆಸರಿಲ್ಲದವನನ್ನು ಹೊರಗೆ ನಿಲ್ಲಿಸಿದ ಹಾಗೆ. ಮೂರನೆಯ ಪಾಸ್ಟರರು ಅಂದು ಖೋಲಿಯಲ್ಲಿ ಹೇಳಿದ್ದು ಖರೆಯಾಗಿಬಿಡುತ್ತಿತ್ತು.

ಅತ್ತೆ ಕೋಲು ತೆಗೆಯಲಿಲ್ಲ. “ಸಣ್ಣಾಂವಿದ್ದಾಗ ಉಣಿಸಿದವರು ಯಾರರೆ ಇರಬೇಕಲ್ಲೋ ಯಪ್ಪಾ? ತಾನ ಉಂಡು ಯಾರೂ ಬೆಳೆಯಾಂಗಿಲ್ಲ” ಎಂದಳು.

ಅವರ ಮುಖ ತಟ್ಟನೆ ಅರಳಿತು. “ಇದ್ಳು! ಹುಮನಾಬಾದದ ಹಾಸ್ಟೆಲಿನ್ಯಾಗ ರೊಟ್ಟಿ ಬಡಿಯಾಕಿ. ಸುಟ್ಟ ರೊಟ್ಟಿ ತಾ ತಿಂದು ಚಲೋದು ನನಗ ಕೊಡ್ತಿದ್ಳು. ಕಳ್ಳ ಅಂತ ಕರೀತಿದ್ಳು ನನಗ. ಬೆಲ್ಲದ ಡಬ್ಬಿ ನಾನ ಖಾಲಿ ಮಾಡ್ತಿದ್ದೆ.”

ಹೆಂಗಸರು ನಕ್ಕರು. ಆ ಹೆಣ್ಣುಮಗಳ ಹೆಸರೇನು ಎಂದು ಕೇಳಿದೆ. ಹೇಳಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಹಾಡಿನಲ್ಲಿದೆ, ಕೇಳಬೇಕಾದವರು ನಮ್ಮ ಚರ್ಚಿಗೆ ಬರಲಿ. ಅದರ ಮುಂದಿನ ಸಾಲು ಮಾತ್ರ ಇದು:

ಹುಮನಾಬಾದದಾಗ ರೊಟ್ಟಿಯ ಬಡದಾಕಿ
ಸಾಕಿದ ಕಳ್ಳ ನೀ ಒಳಗ ಬಾ.

ಪಾಸ್ಟರರನ್ನು ಕಳ್ಳ ಅಂದದ್ದಕ್ಕೆ ಕಾರ್ಯದರ್ಶಿ ಹಣೆ ಬಡಿದುಕೊಂಡ. ಪಾಸ್ಟರರು ಮಾತ್ರ ಆ ಸಾಲನ್ನು ತಾವೂ ಎತ್ತಿಕೊಂಡು ಹಾಡುತ್ತಲೇ ಹೊಸ್ತಿಲು ದಾಟಿದರು. ಆಮೇಲೆ ಬೆನ್ನು ತಿರುಗಿಸಿ ಕಣ್ಣು ಒರೆಸಿಕೊಂಡರು. ಅದನ್ನು ನಾವು ನೋಡದ ಹಾಗೆ ನಿಂತೆವು.

ಒಳಗೆ ಕಾರ್ಯದರ್ಶಿ ವೇದಿಕೆ ಹತ್ತಿದ, ಕಮಿಟಿ ಹೇಳಿದಂತೆಯೇ ಪರಿಚಯ ಶುರುಮಾಡಿದ. ಪಾಸ್ಟರರದಾಯಿತು. “ಇನ್ನು ನಮ್ಮ ಹಾಡಿನ ಮುಂದಾಳು” ಎಂದು ಪೇಟಿ ಮಾಸ್ತರರ ಹೆಸರು ಹೇಳಿದ.

“ಸುಳ್ಳು” ಎಂದೆ ನಾನು. ಬಾಗಿಲಿನಿಂದ ಹೇಳಿದರೂ ಎಲ್ಲರಿಗೂ ಕೇಳಿಸಿತು. “ಅವರು ಪೇಟಿ ಬಾರಸ್ತಾರ, ಚಲೋ ಬಾರಸ್ತಾರ. ಹಾಡಿನ ಮುಂದಾಳು ನಾನು.”

ಪೇಟಿ ಮಾಸ್ತರರು ಹಾರಕ್ಕೆಂದು ಬಗ್ಗಿಸಿದ್ದ ಕುತ್ತಿಗೆಯನ್ನು ಎತ್ತಿದರು. ನನ್ನನ್ನು ನೋಡಿದರು, ಪಾಸ್ಟರರನ್ನು ನೋಡಿದರು. ಆಮೇಲೆ ಕೂತಲ್ಲಿಯೇ ಪೇಟಿಯನ್ನು ಸ್ವಲ್ಪ ಬದಿಗೆ ಎಳೆದುಕೊಂಡರು. ಒಬ್ಬ ಮನುಷ್ಯ ಢೋಲಕಿ ಇಟ್ಟುಕೊಂಡು ಕೂರುವಷ್ಟು ಜಾಗವಾಯಿತು. “ಬರ್ರಿ ಗೌಂಡಿ ಸಾಹೇಬ್ರ, ಬಸ್ಸಿಗಿ ಹೊತ್ತಾಗ್ತದ” ಎಂದರು.

ಹೋಗಿ ಕೂತೆ.

ಠರಾವು ಯಾರೂ ತಿದ್ದಲಿಲ್ಲ. ನನ್ನನ್ನು ತಿರುಗಿ ನೇಮಿಸಿದ್ದೇವೆ ಎಂದು ಕಮಿಟಿ ಇವತ್ತಿನವರೆಗೂ ಹೇಳಿಲ್ಲ. ಮೇಲಿನವರಿಗೆಂದು ಹುಮನಾಬಾದಿಗೆ ಹೋಗುವ ಕಾಗದದಲ್ಲಿ ಹಾಡಿನ ಮುಂದಾಳು ಎಂದು ಪೇಟಿ ಮಾಸ್ತರರ ಹೆಸರೇ ಹೋಗುತ್ತದೆ. ಹೋಗಲಿ. ಮೊದಲ ಸಾಲು ನನ್ನ ಬಾಯಿಂದ ಹೊರಡದೆ ನಮ್ಮ ಕೇರಿ ಹಾಡುವುದಿಲ್ಲ. ಅತ್ತೆ ತೀರಿಹೋದಳು. ಬಾಗಿಲಿಗೆ ಅಡ್ಡ ನಿಲ್ಲುವುದು ಈಗ ನನ್ನ ಹೆಂಡತಿ. ಅವಳು ಕೇಳುವ ರೀತಿ ಅತ್ತೆಗಿಂತ ಕಠಿಣ. ಅಪ್ಪನ ಕೆಲಸ ಒಂದೇ ಸಾಲದು ಅವಳಿಗೆ, ಉಣಿಸಿದವರ ಹೆಸರೂ ಬೇಕು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡು ಖೋಲಿಯ ಕಲ್ಲಿನ ಮನೆ. ಹೆಂಡತಿ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಒಂದು ಎಮ್ಮೆ. ಮೂರು ಕರಣಿ, ಅದರಲ್ಲಿ ಒಂದರ ಹಿಡಿಕೆ ಸಡಿಲ. ಒಂದು ಢೋಲಕಿ. ವೇದಿಕೆಯ ಬಲಗಡೆ, ಪೇಟಿಯ ಪಕ್ಕ, ಒಬ್ಬ ಮನುಷ್ಯ ಕೂರುವಷ್ಟು ಜಾಗ.